ಮೊದಲ ಕೀಲಿಮಣೆ

ಇಳಕಲ್ಲಿನ ನೇಕಾರರೊಬ್ಬರು ಕಳೆದ ತಿಂಗಳು ಬಾಗಲಕೋಟೆಯ ನವನಗರದಲ್ಲಿರುವ ನಮ್ಮ ಮನೆಗೆ ಬಂದಿದ್ದರು. ಅವರ ಮಗ ನಮ್ಮ ಓಣಿಯಲ್ಲಿಯೇ ಕೋಣೆ ಹಿಡಿದು ಇಂಜಿನಿಯರಿಂಗ್ ಓದುತ್ತಿದ್ದಾನೆ. ತಂದೆ ಮಕ್ಕಳ ನಡುವೆ ಸಣ್ಣದೊಂದು ವ್ಯಾಜ್ಯ ಹುಟ್ಟಿ, ಅದು ನ್ಯಾಯಕ್ಕಾಗಿ ನನ್ನ ಕಟ್ಟೆಯನ್ನು ಏರಿತ್ತು.

“ಕಾಕಾರ, ಮೂರು ಸಾವಿರ ರೂಪಾಯಿ ಕೂಡಿಸೇನ್ರಿ. ಗೇಮ್ ಆಡಾಕ ಒಂದು ಮೆಕ್ಯಾನಿಕಲ್ ಕೀಬೋರ್ಡ್ ತಗೋಬೇಕು ಅಂತೀನಿ. ಅಪ್ಪ ಒಲ್ಲೆ ಅಂತಾರ್ರಿ” ಎಂದ ಹುಡುಗ.

“ಕಂಪ್ಯೂಟರಿನ ಜೋಡಿ ಒಂದು ಬಂದೈತೆಲ್ರಿ? ಅದೂ ಬರೀತೈತಿ, ಇದೂ ಬರೀತೈತಿ. ಬರೇ ಟಕಟಕ ಸಪ್ಪಳಕ್ಕ ಮೂರು ಸಾವಿರ ಯಾಕ ಸುರೀಬೇಕ್ರಿ?” ಎಂದರು ತಂದೆ.

ತಂದೆಯ ಪ್ರಶ್ನೆ ನ್ಯಾಯವಾದುದೇ. ಆದರೆ ‘ಹೌದು’ ಅಥವಾ ‘ಅಲ್ಲ’ ಎಂಬ ಒಂದು ಮಾತಿನಲ್ಲಿ ಅದಕ್ಕೆ ಉತ್ತರ ಕೊಡಲು ಬರುವಂತಿಲ್ಲ. ಕೀಲಿಮಣೆ ಎಂಬುದು ನೋಡಲು ಗುಂಡಿಗಳ ಒಂದು ಹಲಗೆ, ನಿಜ. ಆದರೆ ಅದರ ಒಂದೊಂದು ಗುಂಡಿಯ ಹಿಂದೆಯೂ ನೂರೈವತ್ತು ವರ್ಷಗಳ ಕಥೆಯಿದೆ. ಆ ಕಥೆಯನ್ನು ತಿಳಿದವನಿಗೆ ಆಯ್ಕೆ ಸುಲಭ. ತಿಳಿಯದವನು ಬಣ್ಣದ ದೀಪಗಳಿಗೆ ಮರುಳಾಗಿ ಬರುತ್ತಾನೆ. ಅಂದು ಆ ತಂದೆ ಮಕ್ಕಳಿಗೆ ಹೇಳಿದುದನ್ನೇ ಇಲ್ಲಿ ವಾಚಕರ ಮುಂದೆಯೂ ಇಡುತ್ತಿದ್ದೇನೆ.

ಬರೆಯುವ ಕೈ ಮತ್ತು ಬರೆಯಿಸಿಕೊಳ್ಳುವ ವಸ್ತು, ಇವೆರಡರ ಸಂಬಂಧ ನಮ್ಮ ಸೀಮೆಗೆ ಹೊಸದಲ್ಲ. ಬಾದಾಮಿಯ ಮೂರನೆಯ ಗುಹೆಯಲ್ಲಿ ಮಂಗಳೇಶನ ಶಾಸನವಿದೆ. ಅದರ ಕಾಲ ಶಕವರ್ಷ 500, ಅಂದರೆ ಕ್ರಿ. ಶ. 578. ಹುನಗುಂದ ಸೀಮೆಯ ಐಹೊಳೆಯಲ್ಲಿ ಮೇಗುತಿ ದೇವಾಲಯದ ಗೋಡೆಯ ಮೇಲೆ ರವಿಕೀರ್ತಿ ರಚಿಸಿದ ಪ್ರಶಸ್ತಿಯಿದೆ. ಅದು ಶಕವರ್ಷ 556ರದು, ಕ್ರಿ. ಶ. 634ರ ಸುಮಾರಿನದು. ಇವನ್ನು ಕೆತ್ತಿದ ಕೈಗೆ ಕಣ್ಣಿನಷ್ಟೇ ಬೇಕಾದುದು ಉಳಿಯ ತುದಿಯಿಂದ ಬರುವ ಉತ್ತರ. ಪೆಟ್ಟು ಕಲ್ಲಿಗೆ ತಾಗಿತೋ ಇಲ್ಲವೋ, ಎಷ್ಟು ಆಳಕ್ಕೆ ಹೋಯಿತು, ಎಲ್ಲಿ ನಿಲ್ಲಬೇಕು ಎಂಬುದನ್ನು ಉಪಕರಣವೇ ಕೈಗೆ ಹೇಳಬೇಕು. ಹಾಗೆ ಹೇಳದ ಉಪಕರಣದಿಂದ ಕೆಲಸ ನಡೆಯುತ್ತದೆ, ಹದ ಬರುವುದಿಲ್ಲ. ಕೀಲಿಮಣೆಯ ಇತಿಹಾಸವೂ ಕೊನೆಗೆ ಇದೇ ಮಾತಿನದು: ಒತ್ತಿದ ಬೆರಳಿಗೆ ಮರಳಿ ಉತ್ತರ ಬರುತ್ತದೆಯೋ ಇಲ್ಲವೋ ಎಂಬುದು.

ಅಮೆರಿಕದ ಮಿಲ್ವಾಕಿ ಎಂಬ ಊರಿನ ಕ್ರಿಸ್ಟೋಫರ್ ಲೇಥಮ್ ಶೋಲ್ಸ್ ಎಂಬಾತನೂ ಅವನ ಸಂಗಡಿಗರೂ 1868ರಲ್ಲಿ ಬೆರಳಚ್ಚು ಯಂತ್ರವೊಂದಕ್ಕೆ ಸನ್ನದು ಪಡೆದರು. ಅದನ್ನು ಬಂದೂಕು ಮಾಡುತ್ತಿದ್ದ ರೆಮಿಂಗ್ಟನ್ ಕಂಪನಿ ಕೈಗೆತ್ತಿಕೊಂಡು 1874ರಲ್ಲಿ ಪೇಟೆಗೆ ತಂದಿತು. ಕೀಲಿಯನ್ನು ಒತ್ತಿದರೆ ಸನ್ನೆಕೋಲೊಂದು ಮೇಲೆದ್ದು ಅಕ್ಷರವನ್ನು ಕಾಗದಕ್ಕೆ ಬಡಿಯುತ್ತಿತ್ತು. ಇಂಗ್ಲಿಷಿನ ಅಕ್ಷರಗಳನ್ನು ಇಂದು ನಾವು ಕಾಣುವ ‘ಕ್ವೆರ್ಟಿ’ ಕ್ರಮದಲ್ಲಿ ಜೋಡಿಸಿದವರೂ ಅವರೇ. ಆ ಕ್ರಮಕ್ಕೆ ಕಾರಣವೇನು ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಆದರೆ ಮುಂದೆ ನಡೆದುದರಲ್ಲಿ ಸಂಶಯವಿಲ್ಲ. ಒಮ್ಮೆ ಸಾವಿರಾರು ಗುಮಾಸ್ತರ ಬೆರಳುಗಳು ಅದಕ್ಕೆ ಒಗ್ಗಿದ ಮೇಲೆ ಅದನ್ನು ಕದಲಿಸುವುದು ಯಾರಿಂದಲೂ ಆಗಲಿಲ್ಲ. 1936ರಲ್ಲಿ ಆಗಸ್ಟ್ ಡ್ವೊರಾಕ್ ಎಂಬ ಪ್ರಾಧ್ಯಾಪಕ, ಬೆರಳಿಗೆ ಕಡಿಮೆ ಶ್ರಮವಾಗುವಂಥ ಬೇರೊಂದು ಜೋಡಣೆಗೆ ಸನ್ನದು ಪಡೆದ. ಅದನ್ನು ಮೆಚ್ಚಿದವರು ಹಲವರು, ಕಲಿತವರು ಕೆಲವರೇ. ಕೈ ಮೊದಲು ಕಲಿತುದನ್ನು ಬಿಡುವುದಿಲ್ಲ. ಮೊದಲ ಕೀಲಿಮಣೆಯನ್ನು ಆರಿಸುವವನು ನೆನಪಿನಲ್ಲಿ ಇಡಬೇಕಾದ ಮೊದಲ ಪಾಠವಿದು.

ನಮ್ಮ ದೇಶದಲ್ಲಿ ಗೋದ್ರೇಜ್ ಕಂಪನಿ 1955ರಲ್ಲಿ ಸ್ವದೇಶಿ ಬೆರಳಚ್ಚು ಯಂತ್ರವನ್ನು ತಯಾರಿಸಿತು. ಮರುವರ್ಷವೇ ಕರ್ನಾಟಕದ ಏಕೀಕರಣವಾಗಿ, ಅಲ್ಲಿಯವರೆಗೆ ಮುಂಬಯಿ ರಾಜ್ಯಕ್ಕೆ ಸೇರಿದ್ದ ವಿಜಾಪುರ ಜಿಲ್ಲೆ ಮೈಸೂರು ರಾಜ್ಯದ ಪಾಲಿಗೆ ಬಂದಿತು. ಬಾಗಲಕೋಟೆ, ಬಾದಾಮಿ, ಹುನಗುಂದಗಳೆಲ್ಲ ಆಗ ಅದರ ತಾಲೂಕುಗಳು. ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾದುದು 1997ರಲ್ಲಿ. 1963ರ ರಾಜಭಾಷಾ ಕಾಯಿದೆಯ ಮೂಲಕ ಕನ್ನಡ ಆಡಳಿತ ಭಾಷೆಯೆನಿಸಿತು. ಆಡಳಿತ ಕನ್ನಡದಲ್ಲಿ ನಡೆಯಬೇಕಾದರೆ ಕಚೇರಿಯ ಮೇಜಿನ ಮೇಲೆ ಕನ್ನಡದ ಯಂತ್ರ ಇರಬೇಕಷ್ಟೆ? ಕನ್ನಡ ಬೆರಳಚ್ಚು ಯಂತ್ರಕ್ಕೆ ಕೀಲಿಮಣೆಯನ್ನು ರೂಪಿಸಿಕೊಟ್ಟ ಅನಂತಸುಬ್ಬರಾಯರ ಹೆಸರನ್ನು ಇಲ್ಲಿ ಕೃತಜ್ಞತೆಯಿಂದ ನೆನೆಯಬೇಕು.

ಅವರ ಎದುರಿಗಿದ್ದ ತೊಡಕು ಸಾಮಾನ್ಯದ್ದಲ್ಲ. ಯಂತ್ರದಲ್ಲಿ ಇರುವುವು ನಲವತ್ತೈದರ ಆಸುಪಾಸಿನ ಕೀಲಿಗಳು. ಒಂದೊಂದಕ್ಕೆ ಎರಡರಂತೆ ಲೆಕ್ಕ ಹಾಕಿದರೂ ತೊಂಬತ್ತರ ಸುಮಾರು ಅಕ್ಷರರೂಪಗಳು. ಕನ್ನಡದಲ್ಲಾದರೋ ಕಾಗುಣಿತ, ಒತ್ತಕ್ಷರಗಳನ್ನೆಲ್ಲ ಎಣಿಸುತ್ತ ಹೋದರೆ ನೂರಾರು. ಆದುದರಿಂದ ಅಕ್ಷರಗಳನ್ನು ಒಡೆದು, ತಲೆಕಟ್ಟು, ಗುಡಿಸು, ಕೊಂಬು, ಒತ್ತುಗಳನ್ನು ಬೇರೆ ಬೇರೆ ಮಾಡಿ, ಮತ್ತೆ ಕಾಗದದ ಮೇಲೆ ಕೂಡಿಸಬೇಕಾಯಿತು. ಕೆಲವು ಕೀಲಿಗಳನ್ನು ಒತ್ತಿದರೆ ಗುರುತು ಬೀಳುತ್ತಿತ್ತು, ಗಾಡಿ ಮುಂದೆ ಸರಿಯುತ್ತಿರಲಿಲ್ಲ. ಮುಂದಿನ ಅಕ್ಷರ ಅದೇ ಸ್ಥಳದಲ್ಲಿ ಬಂದು ಕೂಡಿಕೊಳ್ಳುತ್ತಿತ್ತು.

ಊರೂರಿನಲ್ಲಿ ಬೆರಳಚ್ಚು ಶಾಲೆಗಳು ತಲೆಯೆತ್ತಿದುವು. ನಾನು ಕಲಿತ ಶಾಲೆ ಬಾಗಲಕೋಟೆಯ ಹಳೆಯ ಪೇಟೆಯ ಓಣಿಯೊಂದರಲ್ಲಿತ್ತು. ಆ ಓಣಿ ಇಂದು ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿದೆ. ‘ಎ, ಎಸ್, ಡಿ, ಎಫ್’ ಎಂದು ಎಡಗೈಯ ನಾಲ್ಕು ಬೆರಳುಗಳನ್ನು ನಡುಸಾಲಿನ ಮೇಲಿಟ್ಟು ಪಾಠ ಆರಂಭವಾಗುತ್ತಿತ್ತು. ನಾವು ತಪ್ಪಿ ಕೀಲಿಗಳ ಕಡೆಗೆ ನೋಡಿದರೆ ಗುರುಗಳು ಕಾಗದದಿಂದ ಕೈಗಳನ್ನು ಮುಚ್ಚಿಬಿಡುತ್ತಿದ್ದರು. ಆ ಯಂತ್ರಗಳ ಕೀಲಿ ಬಿರುಸು. ಸಂಜೆಗೆ ಕಿರುಬೆರಳು ನೋಯುತ್ತಿತ್ತು. ಆದರೆ ಅಕ್ಷರ ಬಿದ್ದಿತೆಂಬುದು ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತಾಗುತ್ತಿತ್ತು. ಗೋದ್ರೇಜ್ ಕಂಪನಿ 2009ರಲ್ಲಿ ಬೆರಳಚ್ಚು ಯಂತ್ರಗಳ ತಯಾರಿಕೆಯನ್ನೇ ನಿಲ್ಲಿಸಿತು.

ಕಂಪ್ಯೂಟರು ಬಂದ ಮೇಲೆ ಕಾಗದಕ್ಕೆ ಬಡಿಯುವ ಸನ್ನೆಕೋಲು ಬೇಕಿಲ್ಲವಾಯಿತು. ಒತ್ತಿದ ಸುದ್ದಿಯನ್ನು ವಿದ್ಯುತ್ತಿಗೆ ಮುಟ್ಟಿಸಿದರೆ ಸಾಕು. ಆದರೆ ಬೆರಳಿಗೆ ಉತ್ತರ ಕೊಡುವವರು ಯಾರು? ಈ ಪ್ರಶ್ನೆಯನ್ನು ಗಂಭೀರವಾಗಿ ಹಿಡಿದವರಲ್ಲಿ ಐಬಿಎಂ ಕಂಪನಿಯ ರಿಚರ್ಡ್ ಹ್ಯಾರಿಸ್ ಒಬ್ಬ. ಕೀಲಿಯ ಅಡಿಯಲ್ಲಿ ಅವನು ಒಂದು ಸುರುಳಿ ತಂತಿಯನ್ನು ಇಟ್ಟ. ಒತ್ತುತ್ತ ಹೋದಂತೆ ಅದು ಒಂದು ಹಂತದಲ್ಲಿ ಥಟ್ಟನೆ ಬಾಗುತ್ತದೆ. ಬಾಗಿದೊಡನೆ ಸಪ್ಪಳವಾಗುತ್ತದೆ, ಬೆರಳಿನ ಭಾರ ಇಳಿಯುತ್ತದೆ, ಅಕ್ಷರವೂ ಅದೇ ಕ್ಷಣದಲ್ಲಿ ದಾಖಲಾಗುತ್ತದೆ. ಈ ಬಗೆಯ ಕೀಲಿಮಣೆ 1981ರ ಐಬಿಎಂ ಪರ್ಸನಲ್ ಕಂಪ್ಯೂಟರಿನ ಜೊತೆ ಬಂದಿತು. ಅದರ ಸುಧಾರಿತ ರೂಪವಾದ, 101 ಕೀಲಿಗಳ ‘ಮಾಡೆಲ್ ಎಂ’ 1985ರ ಹೊತ್ತಿಗೆ ಸಿದ್ಧವಾಯಿತು. ಇಂದಿನ ಕೀಲಿಮಣೆಗಳ ಜೋಡಣೆಯೆಲ್ಲ ಬಹುಮಟ್ಟಿಗೆ ಅದರದೇ.

ಕಂಪ್ಯೂಟರು ಅಗ್ಗವಾದಂತೆ ಕೀಲಿಮಣೆಯೂ ಅಗ್ಗವಾಗಬೇಕಾಯಿತು. ಸುರುಳಿ ತಂತಿ ಹೋಗಿ ರಬ್ಬರಿನ ಸಣ್ಣ ಗುಮ್ಮಟ ಬಂದಿತು. ಅದರ ಕೆಳಗೆ ಪ್ಲಾಸ್ಟಿಕ್ ಹಾಳೆಗಳು. ಕಚೇರಿಗಳಲ್ಲಿ, ಸೈಬರ್ ಕೆಫೆಗಳಲ್ಲಿ, ಕಾಲೇಜುಗಳಲ್ಲಿ ನಾವು ಕಂಡುದೆಲ್ಲ ಬಹುತೇಕ ಇದೇ. ಇದನ್ನು ಹೆಚ್ಚುಕಡಿಮೆ ತಳ ಮುಟ್ಟುವವರೆಗೆ ಒತ್ತಬೇಕು. ಹಳೆಯದಾದಂತೆ ರಬ್ಬರು ಸಡಿಲಾಗಿ ಕೀಲಿ ಮೆತ್ತಗಾಗುತ್ತದೆ. ಬೆರಳು ಕೇಳಿದ ಪ್ರಶ್ನೆಗೆ ಉತ್ತರ ಬರುವುದು ಗೊಣಗಿದ ಹಾಗೆ.

ಅದೇ 1980ರ ದಶಕದಲ್ಲಿ ಚೆರಿ ಎಂಬ ಕಂಪನಿ ‘ಎಂಎಕ್ಸ್’ ಎಂಬ ಸ್ವಿಚ್ಚನ್ನು ಹೊರತಂದಿತು. ಇದರಲ್ಲಿ ಒಂದೊಂದು ಕೀಲಿಗೂ ತನ್ನದೇ ಆದ ಪುಟ್ಟ ಪೆಟ್ಟಿಗೆ, ಅದರೊಳಗೆ ಸುರುಳಿ ತಂತಿ, ಮೇಲೆ ಕೆಳಗೆ ಜಾರುವ ಒಂದು ದಿಂಡು, ಲೋಹದ ಎರಡು ಎಲೆಗಳು. ಕೀಲಿ ಒಟ್ಟು 4 ಮಿಲಿಮೀಟರ್ ಇಳಿಯುತ್ತದೆ. ಸುಮಾರು 2 ಮಿಲಿಮೀಟರ್ ಇಳಿದಾಗಲೇ ಅಕ್ಷರ ದಾಖಲಾಗುತ್ತದೆ. ತಳ ಮುಟ್ಟುವವರೆಗೆ ಕಾಯಬೇಕಾದುದಿಲ್ಲ. ಒಂದು ಸ್ವಿಚ್ಚು ಕೋಟಿಗಟ್ಟಲೆ ಒತ್ತುಗಳನ್ನು ತಾಳುತ್ತದೆಂದು ತಯಾರಕರು ಹೇಳುತ್ತಾರೆ. ಇಂದು ‘ಮೆಕ್ಯಾನಿಕಲ್ ಕೀಬೋರ್ಡ್’ ಎಂದು ಪೇಟೆಯಲ್ಲಿ ಮಾರಾಟವಾಗುವ ಬಹುಪಾಲು ಕೀಲಿಮಣೆಗಳ ಮೂಲಪುರುಷ ಈ ಸ್ವಿಚ್ಚೇ.

ಇನ್ನು ಆಟದ ಮಾತಿಗೆ ಬರೋಣ. 1996ರಲ್ಲಿ ‘ಕ್ವೇಕ್’ ಎಂಬ ಆಟ ಬಂದಿತು. ಮರುವರ್ಷ ಅಟ್ಲಾಂಟಾ ನಗರದಲ್ಲಿ ನಡೆದ ಪಂದ್ಯದಲ್ಲಿ ‘ಥ್ರೆಶ್’ ಎಂಬ ಹೆಸರಿನಿಂದ ಆಡುತ್ತಿದ್ದ ಡೆನ್ನಿಸ್ ಫಾಂಗ್ ಎಂಬ ತರುಣ ಗೆದ್ದು, ಆಟದ ನಿರ್ಮಾಪಕರಲ್ಲಿ ಒಬ್ಬನಾದ ಜಾನ್ ಕಾರ್ಮ್ಯಾಕ್‌ನ ಫೆರಾರಿ ಕಾರನ್ನೇ ಬಹುಮಾನವಾಗಿ ಪಡೆದ. ಬಲಗೈಯಲ್ಲಿ ಮೌಸು, ಎಡಗೈ ಬೆರಳುಗಳು ‘ಡಬ್ಲ್ಯು, ಎ, ಎಸ್, ಡಿ’ ಕೀಲಿಗಳ ಮೇಲೆ, ಇದು ಅವನ ಭಂಗಿ. ಆ ನಾಲ್ಕು ಕೀಲಿಗಳು ಮುಂದೆ, ಎಡಕ್ಕೆ, ಹಿಂದೆ, ಬಲಕ್ಕೆ ಎಂಬ ನಾಲ್ಕು ದಿಕ್ಕುಗಳು. ಗೆದ್ದವನನ್ನು ನೋಡಿ ಉಳಿದವರು ಕಲಿತರು; 1998ರ ‘ಹಾಫ್ ಲೈಫ್’ ಮೊದಲಾದ ಆಟಗಳು ಅದನ್ನೇ ರೂಢಿಯಾಗಿ ಒಪ್ಪಿಕೊಂಡುವು. ಶೋಲ್ಸನ ಕಾಲದಲ್ಲಿ ನಡೆದುದೇ ಮತ್ತೆ ನಡೆಯಿತು: ಕೆಲವರ ಕೈರೂಢಿ ಎಲ್ಲರ ಶಾಸ್ತ್ರವಾಯಿತು.

ಬೆರಳಚ್ಚಿನವನು ಒಂದರ ಹಿಂದೆ ಒಂದರಂತೆ ಕೀಲಿಗಳನ್ನು ಒತ್ತುತ್ತಾನೆ. ಆಟಗಾರನು ಮೂರು ನಾಲ್ಕನ್ನು ಒಮ್ಮೆಗೇ ಹಿಡಿಯುತ್ತಾನೆ. ಓಡುತ್ತ, ಪಕ್ಕಕ್ಕೆ ಸರಿಯುತ್ತ, ಹಾರಬೇಕಲ್ಲ! ಇಲ್ಲಿ ಅಗ್ಗದ ಕೀಲಿಮಣೆ ಕೈಕೊಡುತ್ತದೆ. ಕೀಲಿಗಳನ್ನು ಹಾಸು ಹೊಕ್ಕಿನಂತೆ ಅಡ್ಡ ಸಾಲು, ಉದ್ದ ಸಾಲುಗಳ ತಂತಿಗಳಿಗೆ ಕೂಡಿಸಿರುತ್ತಾರೆ. ಕೆಲವು ಮೂರು ಕೀಲಿಗಳನ್ನು ಕೂಡಿ ಒತ್ತಿದರೆ ಒತ್ತದ ನಾಲ್ಕನೆಯದೊಂದು ಕೂಡ ಒತ್ತಿದಂತೆ ಯಂತ್ರಕ್ಕೆ ತೋರುತ್ತದೆ. ಈ ಭೂತಚೇಷ್ಟೆಯನ್ನು ತಪ್ಪಿಸಲು ಅಗ್ಗದ ಕೀಲಿಮಣೆ ಮೂರನೆಯ ಒತ್ತನ್ನೇ ಅಲ್ಲಗಳೆದುಬಿಡುತ್ತದೆ. ಒಳ್ಳೆಯದರಲ್ಲಿ ಒಂದೊಂದು ಸ್ವಿಚ್ಚಿಗೂ ಒಂದು ಡಯೋಡ್ ಇದ್ದು, ವಿದ್ಯುತ್ತು ಹಿಂದಿರುಗಿ ಹರಿಯದಂತೆ ತಡೆಯುತ್ತದೆ. ಅಂಗಡಿಯವರು ‘ಎನ್ ಕೀ ರೋಲ್‌ಓವರ್’ ಎನ್ನುವುದು ಇದಕ್ಕೇ. ಎಷ್ಟು ಬೆರಳು ಊರಿದರೂ ಅಷ್ಟೂ ಲೆಕ್ಕಕ್ಕೆ ಬರುತ್ತವೆ.

2010ರಲ್ಲಿ ರೇಜರ್ ಕಂಪನಿ ಚೆರಿಯ ಸ್ವಿಚ್ಚುಗಳನ್ನು ಹಾಕಿ ಆಟಗಾರರಿಗೆಂದೇ ‘ಬ್ಲ್ಯಾಕ್‌ವಿಡೋ’ ಎಂಬ ಕೀಲಿಮಣೆಯನ್ನು ತಂದಿತು. ಆ ದಶಕದಲ್ಲಿಯೇ ಚೆರಿಯ ಹಳೆಯ ಸನ್ನದುಗಳ ಅವಧಿ ತೀರಿ, ಗೇಟರಾನ್, ಕೈಲ್, ಔಟೆಮು ಮುಂತಾದ ಚೀನದ ತಯಾರಕರು ಅದೇ ಮಾದರಿಯ ಸ್ವಿಚ್ಚುಗಳನ್ನು ಅಗ್ಗವಾಗಿ ಮಾಡತೊಡಗಿದರು. ಹಿಂದೆ ಹತ್ತಾರು ಸಾವಿರದ ಮಾತಾಗಿದ್ದುದು ಇಂದು ಬಾಗಲಕೋಟೆಯ ವಿದ್ಯಾರ್ಥಿಯ ಎರಡು ಮೂರು ಸಾವಿರಕ್ಕೆ ಎಟುಕುತ್ತಿದ್ದರೆ ಅದಕ್ಕೆ ಈ ಸನ್ನದು ತೀರಿದುದೇ ಮುಖ್ಯ ಕಾರಣ.

ಈಚಿನ ಹೊಸತೆಂದರೆ ಅಯಸ್ಕಾಂತದ ಸ್ವಿಚ್ಚು. ಇದರ ತತ್ತ್ವ ಎಡ್ವಿನ್ ಹಾಲ್ 1879ರಲ್ಲಿ ಕಂಡುದು. 1960ರ ದಶಕದ ಕೊನೆಯಲ್ಲಿಯೇ ಹನಿವೆಲ್ ಕಂಪನಿಯ ಮೈಕ್ರೋ ಸ್ವಿಚ್ ವಿಭಾಗ ಅದನ್ನು ಕೀಲಿಮಣೆಗೆ ಬಳಸಿತ್ತು. ನೆದರ್ಲೆಂಡ್ಸಿನ ವೂಟಿಂಗ್ ಕಂಪನಿ ಅದಕ್ಕೆ ಆಟಗಾರರಲ್ಲಿ ಮತ್ತೆ ಬಳಕೆ ತಂದಿತು. ಕೀಲಿ ಎಷ್ಟು ಇಳಿದಿದೆ ಎಂಬುದನ್ನೇ ಇದು ಅಳೆಯುವುದರಿಂದ ಬೆರಳು ಕೂದಲೆಳೆಯಷ್ಟು ಎದ್ದರೂ ಕೀಲಿ ಬಿಟ್ಟಂತೆ ಲೆಕ್ಕ. ಈ ಚುರುಕು ಅತಿಗೂ ಹೋಯಿತು. ಎದುರುಬದುರು ದಿಕ್ಕುಗಳ ಎರಡು ಕೀಲಿಗಳಲ್ಲಿ ಯಾವುದು ಸಲ್ಲಬೇಕೆಂಬುದನ್ನು ಕೀಲಿಮಣೆಯೇ ತೀರ್ಮಾನಿಸುವ ಸೌಕರ್ಯ ಬಂದಾಗ, ‘ಕೌಂಟರ್ ಸ್ಟ್ರೈಕ್’ ಆಟದ ಒಡೆಯರಾದ ವಾಲ್ವ್ ಕಂಪನಿಯವರು 2024ರ ಆಗಸ್ಟಿನಲ್ಲಿ ಅಂಥದನ್ನು ತಮ್ಮ ಆಟದಲ್ಲಿ ನಿಷೇಧಿಸಿದರು. ಕೈಚಳಕ ಕೈಯದೇ ಆಗಿರಲಿ ಎಂಬುದು ಅವರ ನಿಲುವು. ಮೊದಲ ಸಲ ಕೊಳ್ಳುವವನು ಇದರ ಬೆನ್ನು ಹತ್ತಬೇಕಾದ ಕಾರಣವಿಲ್ಲ.

ಇಷ್ಟು ಕಥೆಯ ನಂತರ ಆಯ್ಕೆಯ ಮಾತು. ಸ್ವಿಚ್ಚುಗಳಲ್ಲಿ ಮುಖ್ಯವಾಗಿ ಮೂರು ಜಾತಿ. ಬಣ್ಣದಿಂದ ಅವನ್ನು ಗುರುತಿಸುತ್ತಾರೆ. ಕೆಂಪು ಎಂಬುದು ಮೇಲಿನಿಂದ ತಳದವರೆಗೆ ತಡೆಯಿಲ್ಲದೆ ನೇರವಾಗಿ ಇಳಿಯುತ್ತದೆ. ಚೆರಿಯ ಕೆಂಪಿಗೆ ಸುಮಾರು 45 ಗ್ರಾಮಿನ ಒತ್ತು ಸಾಕು. ಬೇಗ ಬೇಗ ಒತ್ತಿ ಬಿಡುವ ಆಟಗಾರರು ಇದನ್ನು ಮೆಚ್ಚುತ್ತಾರೆ. ಕಂದು ಎಂಬುದರಲ್ಲಿ ನಡುದಾರಿಯಲ್ಲಿ ಒಂದು ಸಣ್ಣ ಉಬ್ಬು ಬೆರಳಿಗೆ ತಾಗುತ್ತದೆ. ಸುಮಾರು 55 ಗ್ರಾಂ. ನೀಲಿ ಎಂಬುದರಲ್ಲಿ ಉಬ್ಬಿನ ಜೊತೆ ಟಕ್ಕೆಂಬ ಸದ್ದೂ ಉಂಟು. ಸುಮಾರು 60 ಗ್ರಾಂ. ಬೆರಳಚ್ಚು ಶಾಲೆಯ ನೆನಪಿರುವ ನನ್ನಂಥವರಿಗೆ ನೀಲಿ ಹಿತ; ಆದರೆ ಕೋಣೆಯ ಗೆಳೆಯ ಮಲಗಿರುವಾಗ ರಾತ್ರಿ ಹನ್ನೊಂದಕ್ಕೆ ಅದನ್ನು ಬಡಿಯುವುದು ಸ್ನೇಹಕ್ಕೆ ಕೇಡು.

ಗಾತ್ರದಲ್ಲಿಯೂ ಭೇದವಿದೆ. 104 ಕೀಲಿಗಳದು ಪೂರ್ಣ, ಬಲಗಡೆಯ ಅಂಕಿಗಳನ್ನು ತೆಗೆದ 87ರದು ಮಧ್ಯಮ, 61ರದು ಸಣ್ಣದು. ಅಂಕಿಗಳ ಭಾಗ ಇಲ್ಲದಿದ್ದರೆ ಮೌಸು ಆಡಿಸಲು ಮೇಜಿನ ಮೇಲೆ ಸ್ಥಳ ಸಿಗುತ್ತದೆ. ಲೆಕ್ಕಪತ್ರದ ಕೆಲಸವಿದ್ದವರಿಗೆ ಪೂರ್ಣವೇ ಬೇಕು. ನಮ್ಮ ಕಪ್ಪುಮಣ್ಣಿನ ಸೀಮೆಯ ಬೇಸಿಗೆಯ ಧೂಳನ್ನು ಬಲ್ಲವರು ಇನ್ನೊಂದನ್ನೂ ವಿಚಾರಿಸಬೇಕು: ಕೆಟ್ಟ ಸ್ವಿಚ್ಚನ್ನು ಬೆಸುಗೆಯಿಲ್ಲದೆ ಕಿತ್ತು ಬೇರೊಂದನ್ನು ಕೂರಿಸಲು ಬರುತ್ತದೆಯೇ ಎಂಬುದು. ಬಂದರೆ ಒಂದು ಕೀಲಿ ಕೆಟ್ಟಿತೆಂದು ಇಡೀ ಮಣೆಯನ್ನು ಎಸೆಯಬೇಕಾಗುವುದಿಲ್ಲ. ಏಳು ಬಣ್ಣದ ದೀಪಗಳ ಮಾತು ಕಟ್ಟಕಡೆಯದು.

ಇಷ್ಟನ್ನು ಕೇಳಿದ ಮೇಲೆ ಹುಡುಗ ಓಡಿಹೋಗಿ ಕೋಣೆಯ ಗೆಳೆಯನ ಕೀಲಿಮಣೆಯನ್ನೂ ತನ್ನ ಹಳೆಯದನ್ನೂ ತಂದು ಮೇಜಿನ ಮೇಲೆ ಇಟ್ಟ. ಗೆಳೆಯನದು ಕಂದು ಸ್ವಿಚ್ಚಿನದು. ತಂದೆ ಕಣ್ಣು ಮುಚ್ಚಿ ಒಂದೊಂದರ ಮೇಲೂ ಬೆರಳಾಡಿಸಿದರು. ಇಳಕಲ್ಲಿನ ಕುಣಿಮಗ್ಗದಲ್ಲಿ ನಲವತ್ತು ವರ್ಷ ಕೈ ಕಾಲು ಆಡಿಸಿದವರು ಅವರು.

“ಇದು ಸುದ್ದಿ ಕೊಡತೈತಿ ನೋಡ್ರಿ” ಎಂದರು ಕಂದು ಸ್ವಿಚ್ಚಿನದನ್ನು ಮುಟ್ಟಿ. “ಹೊಕ್ಕು ಬಡದಾಗ ಕೂತ್ತೋ ಇಲ್ಲೋ ಕೈಗೇ ಗೊತ್ತಾಗತೈತಿ, ನೋಡಬೇಕಂತಿಲ್ಲ. ಹಂಗ ಇದು. ಆ ಹಳೇದು ಸತ್ತಾಂಗ ಐತಿ.” ವ್ಯಾಜ್ಯ ಅರ್ಧ ತೀರಿದಂತಾಯಿತು.

ಆಮೇಲೆ ಅವರು ಮಗನಿಗೆ, “ನನ್ನ ಹೆಸರು ಬರಿ ನೋಡೋಣು, ಕನ್ನಡದಾಗ” ಎಂದರು.

ಹುಡುಗ ಬೆರಳೆತ್ತಿ ಹಾಗೆಯೇ ಕುಳಿತ. ನಾಲ್ಕು ವರ್ಷಗಳಿಂದ ಕೀಲಿಮಣೆಯ ಮೇಲೆ ಕೈಯಾಡಿಸುತ್ತಿರುವವನು. ಕತ್ತಲೆಯಲ್ಲಿಯೂ ನಾಲ್ಕು ದಿಕ್ಕುಗಳನ್ನು ತಪ್ಪದೆ ಒತ್ತಬಲ್ಲವನು. ತಂದೆಯ ಹೆಸರಿನ ಒತ್ತಕ್ಷರ ಎಲ್ಲಿದೆ ಎಂಬುದು ಅವನಿಗೆ ತಿಳಿಯಲಿಲ್ಲ. “ಇದರಾಗ ಕನ್ನಡ ಇಲ್ರಿ ಕಾಕಾರ, ಬರೇ ಇಂಗ್ಲಿಷ್ ಅಚ್ಚಾಗೈತಿ” ಎಂದ.

ಕನ್ನಡ ಇಲ್ಲವೆಂದು ಯಾರು ಹೇಳಿದರು? ಮಂಗಳೂರಿನ ಹತ್ತಿರದ ಕಿನ್ನಿಕಂಬಳದ ಪದ್ಮನಾಭ ರಾಯರು, ಎಲ್ಲರೂ ಕೆ. ಪಿ. ರಾವ್ ಎಂದು ಕರೆಯುವವರು, ಈ ಇಂಗ್ಲಿಷ್ ಕೀಲಿಮಣೆಯ ಮೇಲೆಯೇ ಉಚ್ಚಾರಣೆಯನ್ನು ಅನುಸರಿಸಿ ಕನ್ನಡವನ್ನು ಕೂರಿಸಿದರು. ಕರ್ನಾಟಕ ಸರ್ಕಾರವೂ ಆ ವಿನ್ಯಾಸವನ್ನು ಮಾನ್ಯ ಮಾಡಿತು; ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದಲ್ಲಿರುವುದು ಅದೇ. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ವೂ ಬಂದು ಮನೆಮನೆಯಲ್ಲಿ ಕನ್ನಡ ಬೆರಳಚ್ಚು ಹರಡಿತು. 1991ರ ಯೂನಿಕೋಡ್ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆತಿತ್ತು. ಬೆರಳಚ್ಚು ಯಂತ್ರದ ಕಾಲದಲ್ಲಿ ಅಕ್ಷರಗಳನ್ನು ಒಡೆದು ಕೂಡಿಸುತ್ತಿದ್ದ ಕಷ್ಟವನ್ನು ಈಗ ಕಂಪ್ಯೂಟರು ತಾನೇ ಹೊತ್ತುಕೊಂಡಿದೆ. ನಾವು ಧ್ವನಿಯನ್ನು ಒತ್ತಿದರೆ ಸಾಕು, ರೂಪ ಅದರ ಹೊಣೆ.

ರಾಯರ ವಿನ್ಯಾಸದಲ್ಲಿ ‘ಕೆ’ ಒತ್ತಿದರೆ ಕ, ‘ಎನ್’ ಒತ್ತಿದರೆ ನ. ಎರಡು ವ್ಯಂಜನಗಳನ್ನು ಬೆಸೆಯುವ ಕೆಲಸ ‘ಎಫ್’ ಕೀಲಿಯದು. ‘ಕನ್ನಡ’ ಎಂದು ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯು, ಹೀಗೆ ಐದೇ ಒತ್ತು. ಆಟಗಾರನ ನಾಲ್ಕು ದಿಕ್ಕುಗಳಾದ ಡಬ್ಲ್ಯು, ಎ, ಎಸ್, ಡಿ ಇದರಲ್ಲಿ ಡ, ಅ, ಸ, ದ. ಬೆಸೆಯುವ ‘ಎಫ್’ ಆ ಸಾಲಿನಲ್ಲಿಯೇ, ‘ಡಿ’ಯ ಪಕ್ಕದ ಮನೆ. ಹುಡುಗನ ಬೆರಳುಗಳು ನಾಲ್ಕು ವರ್ಷ ಕನ್ನಡದ ಮೇಲೆಯೇ ಕುಳಿತಿದ್ದುವು. ಅದನ್ನು ಅವನಿಗೆ ಯಾರೂ ಹೇಳಿರಲಿಲ್ಲ, ಅಷ್ಟೆ.

ಹೇಳಿಕೊಟ್ಟ ಕಾಲುಗಂಟೆಯಲ್ಲಿ ಅವನು ತಂದೆಯ ಹೆಸರನ್ನು ಒತ್ತಕ್ಷರ ಸಹಿತ ತೆರೆಯ ಮೇಲೆ ಮೂಡಿಸಿದ. ತಂದೆ ಕನ್ನಡಕ ಏರಿಸಿಕೊಂಡು ಎರಡು ಸಲ ಓದಿದರು. ಬೆರಳಚ್ಚು ಶಾಲೆಗಳು ಕಣ್ಮರೆಯಾಗುತ್ತಿರುವ ಈ ಕಾಲದಲ್ಲಿ ಹುಡುಗರ ಕೈಗೆ ಮೊದಲ ಪಾಠ ಹೇಳುವುದು ಆಟಗಳೇ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಕೈ ಮೊದಲು ಕಲಿತುದನ್ನು ಬಿಡುವುದಿಲ್ಲ ಎಂಬ ಮಾತು ನಿಜವಾದರೆ, ಮೊದಲ ಕೀಲಿಮಣೆ ಬಂದ ವಾರದಲ್ಲಿಯೇ ಆಟದ ಜೊತೆಗೆ ಅಕ್ಷರವನ್ನೂ ಕೈಗೆ ಹಚ್ಚಿಬಿಡಬೇಕು. ತಡಮಾಡಿದರೆ ಶೋಲ್ಸನ ಯಂತ್ರದ ಕಥೆಯೇ ನಮ್ಮ ಮನೆಯಲ್ಲಿಯೂ ನಡೆಯುತ್ತದೆ.

ಮರುವಾರ ಹುಡುಗ ಕಂದು ಸ್ವಿಚ್ಚಿನ, 87 ಕೀಲಿಗಳ ಮಣೆಯೊಂದನ್ನು ಕೊಂಡು ತಂದ. ಬೆಲೆ ಮೂರು ಸಾವಿರಕ್ಕೆ ಇನ್ನೂರು ಕಡಿಮೆ. ಉಳಿದ ಇನ್ನೂರರಲ್ಲಿ ಇಳಕಲ್ಲಿಗೆ ಬಸ್ಸಿನಲ್ಲಿ ಹೋಗಿ, ಅದನ್ನು ತಂದೆಗೆ ತೋರಿಸಿ ಬಂದನಂತೆ.